ಯಾವ ವರ್ಷದ ರೈಲು ಬೇಕು? ಯೂನಿಯನ್ ಊರಿನ ಮ್ಯೂಸಿಯಂನಲ್ಲಿ ಒಂದು ದಿನ

ಶಿಕಾಗೋದಿಂದ ವಾಯವ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಜೋಳದ ಹೊಲಗಳ ನಡುವೆ ಯೂನಿಯನ್ ಅನ್ನೋ ಪುಟ್ಟ ಊರು. ಇಲಿನಾಯ್ ರೈಲ್ವೆ ಮ್ಯೂಸಿಯಂ ಇರೋದು ಅಲ್ಲೇ. ಇಲ್ಲಿ ಉಗಿಬಂಡಿಗಳೂ ಇವೆ, ಆದರೆ ನಾವು ಹೋಗಿದ್ದು ಇಂಟರ್‌ಅರ್ಬನ್ ನೋಡೋಕೆ. ಅಂದರೆ ಊರೂರು ಜೋಡಿಸುತ್ತಿದ್ದ ಕರೆಂಟ್ ರೈಲು. ಊರೊಳಗೆ ಟ್ರಾಮ್ ಥರ ಬೀದಿಯಲ್ಲಿ ನಿಧಾನ, ಊರು ದಾಟಿದರೆ ಬಾಣದ ವೇಗ. ಕಾರುಗಳು ಜಾಸ್ತಿಯಾಗಿ ಅವು ಒಂದೊಂದೇ ನಿಂತವು.

ನಮ್ಮ ಭಾವ ಇರೋದು ವೀಟನ್‌ನಲ್ಲಿ. ದಿನಾ ಇಲಿನಾಯ್ ಪ್ರೇರಿ ಪಾತ್ ಮೇಲೆ ವಾಕಿಂಗ್ ಹೋಗುತ್ತಾರೆ. ಅದು ಶಿಕಾಗೋ ಅರೋರಾ ಅಂಡ್ ಎಲ್ಜಿನ್ ರೈಲಿನ ಹಳಿ ಕಿತ್ತ ಜಾಗ. "ನಾನು ವಾಕ್ ಮಾಡೋ ದಾರೀಲಿ ಓಡ್ತಿದ್ದ ಬೋಗಿನೇ ಅಲ್ಲಿದೆ, ಬಾ" ಅಂದರು. ಆ ಕಂಪನಿ 1957ರ ಜುಲೈ 3ರಂದು ಮಟಮಟ ಮಧ್ಯಾಹ್ನ ಸಂಚಾರ ನಿಲ್ಲಿಸಿತ್ತು. ಬೆಳಿಗ್ಗೆ ಅದೇ ರೈಲಿನಲ್ಲಿ ಕೆಲಸಕ್ಕೆ ಹೋದವರಿಗೆ ಸಂಜೆ ವಾಪಸ್ ಬರೋಕೆ ರೈಲೇ ಇಲ್ಲ!

ಶೆಡ್ಡಿನಲ್ಲಿ ಒಂದು ಮರದ ಬೋಗಿಯ ಕೆಲಸ ನಡೆದಿತ್ತು. ಸ್ವಯಂಸೇವಕರೊಬ್ಬರು, ಎಪ್ಪತ್ತು ದಾಟಿದವರು, ಸ್ಕ್ರೂಗಳ ಡಬ್ಬಿ ಮುಂದೆ ಕೂತಿದ್ದರು. ಸ್ಟಾರ್ ತಲೆಯವನ್ನೆಲ್ಲ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ಅಮೆರಿಕದಲ್ಲಿ ಸ್ಟಾರ್ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ಅದಕ್ಕಿಂತ ಹಳೇ ಬೋಗಿಗೆ ಒಂದೇ ಗೀರಿನದ್ದೇ ಆಗಬೇಕು. ಯಾರು ನೋಡುತ್ತಾರೆ ಅಂತ ಕೇಳಿದೆ. "ನಾನು ನೋಡ್ತೀನಲ್ಲ" ಅಂದರು.

ಬಣ್ಣದ ಕಥೆ ಇನ್ನೂ ಕಷ್ಟ. ಒಂದು ಮೂಲೆಯಲ್ಲಿ ರೂಪಾಯಿಯಷ್ಟು ಜಾಗವನ್ನು ಸ್ಯಾಂಡ್‌ಪೇಪರಿನಲ್ಲಿ ಗುಳಿಯಾಗಿ ಉಜ್ಜಿದ್ದರು. ಕಡಿದ ಮರದ ಉಂಗುರಗಳ ಹಾಗೆ ಪದರದ ಮೇಲೆ ಪದರ: ಕೆಂಪು, ಬೂದು, ಹಸಿರು, ತಳದಲ್ಲಿ ಪ್ರೈಮರ್. ಕಂಡದ್ದನ್ನೆಲ್ಲ ನಂಬೋ ಹಾಗಿಲ್ಲ. ಎಣ್ಣೆ ಬಣ್ಣ ಕತ್ತಲಲ್ಲಿ ಮುಚ್ಚಿಹೋದರೆ ಹಳದಿಗೆ ತಿರುಗುತ್ತದೆ. ಹಳೇ ಕಪ್ಪು-ಬಿಳುಪು ಫೋಟೋಗಳೂ ಮೋಸ ಮಾಡುತ್ತವೆ; ಅಂದಿನ ಎಷ್ಟೋ ಫಿಲಂಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕಪ್ಪಾಗಿ ಬೀಳುತ್ತಿತ್ತು.

ಇಷ್ಟೆಲ್ಲ ಗೊತ್ತಾದ ಮೇಲೂ ದೊಡ್ಡ ಪ್ರಶ್ನೆ ಹಾಗೇ ಉಳಿಯುತ್ತದೆ. ಯಾವ ವರ್ಷಕ್ಕೆ ವಾಪಸ್ ಒಯ್ಯೋದು? ಇಂಥ ಬೋಗಿಗಳು ಹುಟ್ಟಿದಾಗ ಕಿಟಕಿಯ ಮೇಲ್ಭಾಗದಲ್ಲಿ ಬಣ್ಣದ ಗಾಜು ಇರುತ್ತಿತ್ತು. ಆಮೇಲೆ ರಿಪೇರಿ ಖರ್ಚು ಉಳಿಸೋಕೆ ಅದರ ಮೇಲೆ ತಗಡು ಹೊಡೆದರು. ತಗಡು ಕಿತ್ತರೆ ಚೆಂದ. ಆದರೆ ಕೊನೆಗಾಲದಲ್ಲಿ ಕೆಲಸಕ್ಕೆ ಓಡಾಡಿದವರು ನೋಡಿದ್ದು ತಗಡನ್ನೇ ಅಲ್ವಾ? ನನ್ನನ್ನು ಕೇಳಿದರೆ ಒಂದಾದರೂ ಬೋಗಿಗೆ ತಗಡು ಹಾಗೇ ಇರಲಿ.

ಎಲೆಕ್ಟ್ರೋಲೈನರ್ ಮುಂದೆ ಈ ವಾದ ಇನ್ನೂ ಜೋರಾಯಿತು. 1941ರಲ್ಲಿ ಶಿಕಾಗೋ–ಮಿಲ್ವಾಕಿ ನಡುವಿನ ನಾರ್ತ್ ಶೋರ್ ಲೈನಿಗೆ ಇಂಥ ಎರಡೇ ರೈಲು ಕಟ್ಟಿದ್ದರು. ಗಂಟೆಗೆ 130 ಕಿಲೋಮೀಟರ್ ಮೀರಿದ ಓಟ, ಒಳಗೆ ಬಾರು, ತಿನ್ನೋಕೆ 'ಎಲೆಕ್ಟ್ರೋಬರ್ಗರ್'. 1963ರ ಜನವರಿಯಲ್ಲಿ ಆ ಲೈನ್ ಮುಚ್ಚಿತು. ಎರಡೂ ರೈಲು ಫಿಲಡೆಲ್ಫಿಯಾ ಕಡೆಯ ಕಂಪನಿಗೆ ಹೋಗಿ 'ಲಿಬರ್ಟಿ ಲೈನರ್' ಆದವು. ಅಲ್ಲಿ ಮೂರನೇ ಹಳಿಯಿಂದ, ಅಂದರೆ ಓಡೋ ಹಳಿಗಳ ಪಕ್ಕ ಹಾಕಿದ ಇನ್ನೊಂದು ಹಳಿಯಿಂದ ಕರೆಂಟ್, ಹಾಗಾಗಿ ಮೇಲಿನ ತಂತಿಯಿಂದ ಕರೆಂಟ್ ತಗೊಳ್ಳೋ ನೆತ್ತಿಯ ಟ್ರಾಲಿ ಕಂಬ ಬೇಕಾಗಲಿಲ್ಲ. ಹಸಿರು ಮೈ ಕಡುಗೆಂಪಾಯಿತು.

ಯೂನಿಯನ್‌ನವರು ತಮ್ಮ ರೈಲನ್ನು ಮತ್ತೆ ನಾರ್ತ್ ಶೋರ್ ಬಣ್ಣಕ್ಕೆ ತಂದರು. ಅದರ ಅವಳಿ ಪೆನ್ಸಿಲ್ವೇನಿಯಾದ ರಾಕ್‌ಹಿಲ್ ಟ್ರಾಲಿ ಮ್ಯೂಸಿಯಂನಲ್ಲಿದೆ. ಅವರು ಲಿಬರ್ಟಿ ಲೈನರ್ ಬಣ್ಣವನ್ನೇ ಉಳಿಸಿಕೊಂಡರು. ಯಾರು ಸರಿ? ಇಬ್ಬರೂ ಸರಿ. ಒಂದೇ ರೈಲು ಉಳಿದಿದ್ದರೆ ಮಾತ್ರ ಜಗಳ ಆಡಬೇಕಿತ್ತು.

ಇಂಡಿಯಾನಾ ರೈಲ್‌ರೋಡಿನ 65ನೇ ನಂಬರಿನ ಬೋಗಿಯದ್ದೂ ಇದೇ ಪಾಡು. 1931ರಲ್ಲಿ ಪುಲ್ಮನ್ ಕಟ್ಟಿದ್ದು. 1941ರಲ್ಲಿ ಅಲ್ಲಿ ಕೆಲಸ ಮುಗಿದ ಮೇಲೆ ಅಯೋವಾಗೆ ಹೋಯಿತು. 1953ರಲ್ಲಿ ಹತ್ತು ಮಂದಿ ಕೈಯಿಂದ ಹಣ ಹಾಕಿ ಕೊಂಡರು. ಈ ಮ್ಯೂಸಿಯಂ ಶುರುವಾಗಿದ್ದೇ ಹಾಗೆ. ಇದನ್ನು ಇಂಡಿಯಾನಾ ಬೋಗಿಯಾಗೇ ತೋರಿಸುತ್ತಾರೆ. ಇದೇ ಮಾದರಿಯ 55ನೇ ನಂಬರು ಆಮೇಲೆ ಪೆನ್ಸಿಲ್ವೇನಿಯಾದಲ್ಲಿ 1030 ಅಂತ ಓಡಿತು. ಅದು ಈಗ ಮೇನ್ ರಾಜ್ಯದ ಸೀಶೋರ್ ಮ್ಯೂಸಿಯಂನಲ್ಲಿದೆ, 1030 ಆಗಿಯೇ.

ಸುಮಾರು 8 ಕಿಲೋಮೀಟರ್ ಉದ್ದದ ಹಳಿಯ ಮೇಲೆ ಒಂದು ಸುತ್ತು ಹೋಗಿಬಂದೆವು. ಮೂರನೇ ಹಳಿಗೆ ಮಾಡಿದ ಬೋಗಿಗಳೂ ಇಲ್ಲಿ ಓಡೋದು ಮೇಲಿನ ತಂತಿಯಿಂದಲೇ. ಮಕ್ಕಳು ಓಡಾಡೋ ಕಡೆ ನೆಲದ ಮಟ್ಟದಲ್ಲಿ 600 ವೋಲ್ಟ್ ಇಡೋಕಾಗುತ್ತಾ?

ವಾಪಸ್ ಬರುವಾಗ ಭಾವ ಫೋನಿನಲ್ಲಿ ಮ್ಯಾಪ್ ತೆಗೆದರು. "ಮೇನ್‌ಗೆ ಎರಡು ದಿನದ ಡ್ರೈವ್ ಕಣೋ. ಪೆನ್ಸಿಲ್ವೇನಿಯಾ ದಾರೀಲೇ ಸಿಗುತ್ತೆ. ನಿಮ್ಮಕ್ಕನ್ನ ಒಪ್ಪಿಸೋದು ಮಾತ್ರ ನಿನ್ನ ಕೆಲಸ."