ಹೆಸರಿಲ್ಲದ ರಶೀದಿ

ಎರಡನೆಯ ವರ್ಷದ ಶುಲ್ಕ ಕಟ್ಟುವ ಕೊನೆಯ ದಿನ ಕಚೇರಿಯ ಕಿಟಕಿಯ ಮುಂದೆ ಬರಿಗೈಯಲ್ಲಿ ನಿಂತಿದ್ದೆ. ಇನ್ನೂ ಒಂದು ವಾರ ಗಡುವು ಕೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದಾಗ ಗುಮಾಸ್ತರು ಪುಸ್ತಕ ತಿರುವಿ, "ನಿಮ್ಮದು ಸಂದಾಯವಾಗಿದೆ" ಎಂದು ರಶೀದಿ ಕೈಗಿಟ್ಟರು. 'ಹಳೆಯ ವಿದ್ಯಾರ್ಥಿಗಳ ದತ್ತಿನಿಧಿಯಿಂದ' ಎಂದಷ್ಟೇ ಅದರಲ್ಲಿತ್ತು. ಕೊಟ್ಟವರ ಹೆಸರಿರಲಿಲ್ಲ. ಆ ರಶೀದಿಯನ್ನು ಇಂದಿಗೂ ಪದವಿ ಪ್ರಮಾಣಪತ್ರದ ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ.

ವಿದ್ಯಾರ್ಥಿವೇತನ ಪಡೆದವರು ವರ್ಷಕ್ಕೊಮ್ಮೆ ದಾನಿಗೆ ಪತ್ರ ಬರೆಯಬೇಕಿತ್ತು. ನಾನು 'ತಮ್ಮ ಔದಾರ್ಯಕ್ಕೆ ಚಿರಋಣಿ' ಎಂದು ಅರ್ಧ ಪುಟ ಬರೆದು ಹಾಸ್ಟೆಲಿನ ಫಾದರ್ ಅವರಿಗೆ ಕೊಟ್ಟೆ. ಅವರು ಓದಿ ಮರಳಿಸಿದರು. "ಇದನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ನೀನು ಏನು ಓದುತ್ತಿದ್ದೀಯ, ಯಾವುದು ಇನ್ನೂ ತಲೆಗೆ ಹತ್ತಿಲ್ಲ, ಅದನ್ನು ಬರೆ." ಮೂರು ವಾರ ಹೆಣಗಿದರೂ ಸರಿಯಾಗದ ಒಂದು ಪ್ರಯೋಗದ ವಿಷಯ ಬರೆದೆ. ತಿಂಗಳ ನಂತರ ಕಚೇರಿಯ ಮೂಲಕ ಸಹಿಯಿಲ್ಲದ ಒಂದು ಚೀಟಿ ಬಂತು: "ಆ ಪ್ರಯೋಗ ಕೊನೆಗೆ ಏನಾಯಿತು?" ನನ್ನ ಓದಿನ ಬಗ್ಗೆ ಹಾಗೆ ಕೇಳಿದ ಮೊದಲ ವ್ಯಕ್ತಿಯ ಮುಖವನ್ನು ನಾನು ಕೊನೆಗೂ ನೋಡಲಿಲ್ಲ.

ಬೇರೆಯವರ ಹಣದಲ್ಲಿ ಓದುವ ಸಂಕೋಚವನ್ನು ಒಮ್ಮೆ ಫಾದರ್ ಬಳಿ ಹೇಳಿಕೊಂಡೆ. ಅವರು ಜೆಸ್ವಿಟ್ ಪಾದ್ರಿಗಳ ಸಂಘವಾದ ಯೇಸು ಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರ ಕಥೆ ಹೇಳಿದರು. 1528ರಲ್ಲಿ ಓದಲೆಂದು ಪ್ಯಾರಿಸ್ಸಿಗೆ ಬಂದ ಇಗ್ನೇಷಿಯಸರು ತಮ್ಮ ಹಣವನ್ನು ಜೊತೆಗಾರನೊಬ್ಬನಲ್ಲಿ ಇಟ್ಟರು. ಅವನು ಅದನ್ನೆಲ್ಲ ಖರ್ಚು ಮಾಡಿಬಿಟ್ಟ. ಆಮೇಲೆ ಅವರು ಓದಿನ ಬಿಡುವಿನಲ್ಲಿ ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿಗೆ ಹೋಗಿ ಅಲ್ಲಿನ ಸ್ಪೇನಿನ ವರ್ತಕರಲ್ಲಿ ಬೇಡಿ ತರುತ್ತಿದ್ದರು. ಒಂದು ವರ್ಷ ಲಂಡನ್ನಿನವರೆಗೂ ಹೋಗಿದ್ದರು. ಅವರೇ 1551ರಲ್ಲಿ ರೋಮಿನಲ್ಲಿ ಶಾಲೆ ತೆರೆದಾಗ ಬಾಗಿಲ ಮೇಲೆ 'ಉಚಿತ' ಎಂದು ಬರೆಸಿದರು. ಕಲಿಯುವವನಿಂದ ಹಣ ಪಡೆಯಬಾರದೆಂದರೆ ಬೇರೆ ಯಾರಾದರೂ ಕೊಡಲೇಬೇಕು. ಆ ಶಾಲೆಗೆ ಸ್ಪೇನಿನ ಗಾಂಡಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯಾ ನೆರವಾದರು.

ಇಗ್ನೇಷಿಯಸರು ಬರೆದ ಯೇಸು ಸಭೆಯ ಸಂವಿಧಾನದಲ್ಲಿ ಕಾಲೇಜುಗಳ ಭಾಗ ಶುರುವಾಗುವುದೇ ದಾನಿಗಳ ನೆನಪಿನಿಂದ. ಅವರಿಗಾಗಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಅರ್ಪಿಸಬೇಕು, ವರ್ಷಕ್ಕೊಮ್ಮೆ ಸಂಸ್ಥಾಪಕರಿಗೆ ಅಥವಾ ಅವರ ಬಂಧುವಿಗೆ ಮೇಣದಬತ್ತಿಯೊಂದನ್ನು ಒಪ್ಪಿಸಬೇಕು. ಅದು ಕೃತಜ್ಞತೆಯ ಗುರುತು ಮಾತ್ರ, ಕಾಲೇಜಿನ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದೂ ಅಲ್ಲೇ ಸ್ಪಷ್ಟಪಡಿಸಿದ್ದಾರೆ. ಎಂತಹ ಸೂಕ್ಷ್ಮ! ಕೊಟ್ಟವರನ್ನು ಮರೆಯುವಂತಿಲ್ಲ, ಕೊಟ್ಟವರಿಗೆ ಒಡೆತನವೂ ಇಲ್ಲ.

ಈಗ ನಾನು ಹಳೆಯ ವಿದ್ಯಾರ್ಥಿ ಸಂಘದ ದತ್ತಿ ಸಮಿತಿಯಲ್ಲಿದ್ದೇನೆ. ಹೊಸ ಸಭಾಂಗಣದ ದಾನಿಗಳ ಫಲಕದಲ್ಲಿ ಹೆಸರುಗಳನ್ನು ಮೊತ್ತದ ಪ್ರಕಾರ ಕೆತ್ತಿಸಬೇಕೆಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ದೊಡ್ಡ ಕೊಡುಗೆಯಿಲ್ಲದೆ ಕಟ್ಟಡ ಏಳುವುದಿಲ್ಲ, ನಿಜ. ಆದರೆ ಮೊದಲ ಸಂಬಳದಲ್ಲಿ ಒಂದು ಪಾಲು ಕಳುಹಿಸಿದ ಹುಡುಗಿ ತನ್ನ ಹೆಸರನ್ನು ಫಲಕದ ಬುಡದಲ್ಲಿ ಬಗ್ಗಿ ಹುಡುಕುವಂತಾಗಬಾರದು. ಚರ್ಚೆ ಎರಡು ಸಭೆಗಳವರೆಗೂ ಎಳೆಯಿತು. ಕೊನೆಗೆ ಅಕಾರಾದಿಯಾಗಿ ಬರೆಸಿದೆವು. ಹೆಸರು ಬೇಡವೆಂದವರಿಗಾಗಿ ಫಲಕದಲ್ಲಿ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇವೆ. ಆ ಕಡೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಸಾಲಿಗೇ.

ದತ್ತಿಯ ಮೂಲಧನವನ್ನು ಮುಟ್ಟುವುದಿಲ್ಲ, ಅದರ ಆದಾಯದಿಂದ ಶುಲ್ಕ ಕಟ್ಟಲಾಗುತ್ತದೆ. ಹಾಗಾಗಿ ಸಣ್ಣ ಮೊತ್ತವೂ ವರ್ಷ ವರ್ಷ ದುಡಿಯುತ್ತಲೇ ಇರುತ್ತದೆ. ಈ ಸಂಚಿಕೆಯ ಜೊತೆಗಿರುವ ಅರ್ಜಿಯ ಕೊನೆಯಲ್ಲಿ 'ವಿದ್ಯಾರ್ಥಿಯ ಪತ್ರ ಬೇಕು' ಎಂಬ ಚೌಕವಿದೆ. ಎಷ್ಟೇ ಕೊಡಿ, ದಯವಿಟ್ಟು ಅದಕ್ಕೆ ಗುರುತು ಹಾಕಿ. ಪತ್ರ ಬಂದಾಗ ಎರಡು ಸಾಲಾದರೂ ಉತ್ತರ ಬರೆಯಿರಿ. ಸಹಿ ಬೇಡವೆನಿಸಿದರೆ ಬಿಡಿ.