ನೇಯ್ಗೆ ನಿಂತ ಮೇಲೆ ಉಳಿದ ಊರು

ಲಂಡನ್ನಿನಿಂದ ಸಡ್‌ಬರಿವರೆಗೆ ರೈಲು, ಅಲ್ಲಿಂದ ಮುಂದೆ ಬಸ್ಸು. ನಾನು ಹೊರಟಿದ್ದ ಲ್ಯಾವೆನಮ್‌ಗೂ ಒಂದು ಕಾಲಕ್ಕೆ ರೈಲಿತ್ತು, 1961ರಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. ಅಕ್ಟೋಬರಿನ ಶನಿವಾರ, ಜಿನುಗು ಮಳೆ. ಸಫೋಕ್ ಸೀಮೆಯ ಹೊಲಗಳ ನಡುವೆ ಬಸ್ಸು ಸುತ್ತಿ ಸುತ್ತಿ ಹೋಗುತ್ತಿದ್ದಾಗ ಮೊದಲು ಕಂಡದ್ದು ಚರ್ಚಿನ ಗೋಪುರ. ಎತ್ತರ 141 ಅಡಿ. ಊರಲ್ಲಿ ಎರಡು ಸಾವಿರ ಜನರೂ ಇಲ್ಲ.

ನನ್ನದು ಗುಳೇದಗುಡ್ಡದ ನೇಕಾರರ ಮನೆ. ಖಣ ನೇಯುವ ಮಗ್ಗದ ಸದ್ದಿನಲ್ಲೇ ಬೆಳೆದವಳು ನಾನು. ಇಂಗ್ಲೆಂಡಿನಲ್ಲೂ ಹೀಗೆ ನೇಯ್ದೇ ಬದುಕಿದ ಊರುಗಳಿದ್ದವು ಎಂದು ಓದಿ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. "ಹೋಗಿ ನೋಡಿ ಬಾ ತಂಗಿ, ಅವರ ಮಗ್ಗ ಹೆಂಗದಾವ ಕೇಳು" ಅಂದಿದ್ದ. ಹಾಗಾಗಿ ಹೋದದ್ದು.

ಸಂತೆ ಬಯಲು ದಿಬ್ಬದ ಮೇಲಿದೆ. 1257ರಲ್ಲಿ ಇಲ್ಲಿ ಸಂತೆ ನಡೆಸಲು ಅರಸನ ಅಪ್ಪಣೆ ಸಿಕ್ಕಿತಂತೆ. ನಡುವೆ ನಿಂತಿರುವ ಕಲ್ಲಿನ ಶಿಲುಬೆ ಕಂಬಕ್ಕೆ ದುಡ್ಡು ಬಿಟ್ಟುಹೋದವನು ವಿಲಿಯಂ ಜೇಕಬ್ ಎಂಬ ಬಟ್ಟೆ ಸಾಹುಕಾರ, ಸುಮಾರು 1502ರಲ್ಲಿ. ಸುತ್ತಲೂ ಓಕ್ ತೊಲೆಗಳ ಮನೆಗಳು. ಐದು ನೂರು ವರ್ಷಗಳಲ್ಲಿ ಮರ ತಿರುಚಿಕೊಂಡು ಗೋಡೆಗಳು ಒಂದರ ಮೇಲೊಂದು ಒರಗಿವೆ. ನನ್ನ ಜೊತೆ ಬಸ್ಸಿಳಿದವರೆಲ್ಲ ಫೋಟೊ ತೆಗೆಯಲು ಶುರುಮಾಡಿದರು. ನಾನು ಗಿಲ್ಡ್‌ಹಾಲಿನೊಳಗೆ, ಅಂದರೆ ಊರಿನ ಸಂಘವೊಂದು ಕಟ್ಟಿಸಿದ ಹಳೆಯ ಸಭಾಮನೆಯೊಳಗೆ ಹೋದೆ.

ಅಲ್ಲಿ ವಿವರಿಸಲು ನಿಂತಿದ್ದ ಅಜ್ಜಿಗೆ ನನ್ನ ಮನೆಯ ಕಸುಬು ಹೇಳಿದ್ದೇ ತಡ, ಮಾತಿಗೆ ರೆಕ್ಕೆ ಬಂತು. ಇಲ್ಲಿಯದು ಉಣ್ಣೆಯ ಅಗಲ ಬಟ್ಟೆ. ಮಗ್ಗ ಎಷ್ಟು ಅಗಲವೆಂದರೆ ಒಬ್ಬರ ತೋಳಿಗೆ ಎಟುಕದು, ಇಬ್ಬರು ಅಕ್ಕಪಕ್ಕ ಕೂತು ಲಾಳಿಯನ್ನು ಆಚೀಚೆ ಎಸೆಯಬೇಕು. ನೇಯ್ದ ಬಟ್ಟೆಯನ್ನು ಮಣ್ಣುನೀರಿನಲ್ಲಿ ಕುಟ್ಟಿ ಕುಟ್ಟಿ, ಕುಗ್ಗಿಸಿ ಬಿಗಿ ಮಾಡುತ್ತಿದ್ದರು. ಹೆಸರಾಗಿದ್ದು ಇಲ್ಲಿಯ ನೀಲಿ. ನೂಲಾಗುವ ಮೊದಲೇ ಉಣ್ಣೆಗೆ ಬಣ್ಣ ಕಟ್ಟುತ್ತಿದ್ದರು. ಸಾಹುಕಾರ ಉಣ್ಣೆ ಕೊಡುವುದು, ಒಂದು ಮನೆಯಲ್ಲಿ ಹೆಂಗಸರು ನೂಲುವುದು, ಇನ್ನೊಂದು ಮನೆಯಲ್ಲಿ ನೇಯುವುದು, ಬಟ್ಟೆ ತಿರುಗಿ ಸಾಹುಕಾರನಿಗೆ ಒಪ್ಪಿಸಿ ಕೂಲಿ ಎಣಿಸಿಕೊಳ್ಳುವುದು. ನಮ್ಮ ಓಣಿಯ ಮಜೂರಿ ನೇಕಾರಿಕೆಯನ್ನೇ ಯಾರೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾರೆ ಅನ್ನಿಸಿತು.

1524ರ ತೆರಿಗೆ ಲೆಕ್ಕದಲ್ಲಿ ಈ ಪುಟ್ಟ ಊರು ಇಂಗ್ಲೆಂಡಿನ ಅತಿ ಶ್ರೀಮಂತ 20 ಪಟ್ಟಣಗಳಲ್ಲಿ ಒಂದು. ಆದರೆ ಆ ಸಂಪತ್ತಿನ ದೊಡ್ಡ ಪಾಲು ಕೆಲವೇ ಮನೆಗಳದು. ಅವರಲ್ಲಿ ಮೊದಲಿಗ ಥಾಮಸ್ ಸ್ಪ್ರಿಂಗ್. 1523ರಲ್ಲಿ ಸಾಯುವಾಗ ಚರ್ಚಿನ ಗೋಪುರ ಮುಗಿಸಲೆಂದು 200 ಪೌಂಡು ಬರೆದಿಟ್ಟ. ಬಾಸ್‌ವರ್ತ್ ಯುದ್ಧದಲ್ಲಿ ಏಳನೇ ಹೆನ್ರಿಯ ಮುಂಪಡೆ ನಡೆಸಿದ ಊರಿನ ಒಡೆಯ, ಆಕ್ಸ್‌ಫರ್ಡಿನ ಅರ್ಲ್ ಜಾನ್ ಡಿ ವೀರ್ ಕೂಡ ಈ ಚರ್ಚಿಗೆ ಕೈಯೆತ್ತಿ ಕೊಟ್ಟವನು. ಮಧ್ಯಾಹ್ನ ಚರ್ಚಿಗೆ ಹೋದಾಗ ಕಲ್ಲಿನಲ್ಲಿ ಡಿ ವೀರ್ ಮನೆತನದ ನಕ್ಷತ್ರವೂ ಸ್ಪ್ರಿಂಗ್ ಮನೆತನದ ಲಾಂಛನವೂ ಕಂಡವು. ನೂತ ಕೈಗಳ ಗುರುತು ಎಲ್ಲೂ ಇಲ್ಲ.

ಆ ಕೈಗಳವರ ದನಿ ಸಿಕ್ಕಿದ್ದು ಅಜ್ಜಿಯ ಬಾಯಲ್ಲಿ. ಸ್ಪ್ರಿಂಗ್ ಸತ್ತು ಎರಡೇ ವರ್ಷ. ಎಂಟನೇ ಹೆನ್ರಿಗೆ ಫ್ರಾನ್ಸಿನ ಮೇಲೆ ಯುದ್ಧಕ್ಕೆ ಹೋಗಲು ಹಣ ಬೇಕಿತ್ತು. ಅರಸನ ಮುಖ್ಯ ಮಂತ್ರಿಯಾಗಿದ್ದ ಪಾದ್ರಿ ಕಾರ್ಡಿನಲ್ ವುಲ್ಸಿ ಸಂಸತ್ತನ್ನು ಕೇಳದೆ, ಸ್ನೇಹದ ಕಾಣಿಕೆ ಎಂಬ ಹೆಸರಿಟ್ಟು ವಸೂಲಿಗೆ ಇಳಿದ. ಇದನ್ನು ಕೊಟ್ಟರೆ ಕೂಲಿಗೆ ಹಣ ಉಳಿಯದು ಎಂದು ಸಾಹುಕಾರರು ಕೆಲಸಗಾರರನ್ನು ಬಿಡಿಸಿದರು. 1525ರ ಮೇ ತಿಂಗಳಲ್ಲಿ ಸುತ್ತಲಿನ ಊರುಗಳಿಂದ ಸುಮಾರು 4,000 ಜನ ಲ್ಯಾವೆನಮ್‌ನಲ್ಲಿ ಸೇರಿದರು. ದಂಡಿನೊಂದಿಗೆ ಬಂದ ನಾರ್ಫೋಕಿನ ಡ್ಯೂಕ್ ನಿಮ್ಮ ನಾಯಕ ಯಾರೆಂದು ಕೇಳಿದನಂತೆ. ಜಾನ್ ಗ್ರೀನ್ ಎಂಬವನು ಮುಂದೆ ಬಂದು, ನಮ್ಮ ನಾಯಕನ ಹೆಸರು ಬಡತನ, ಅವನೂ ಅವನ ದಾಯಾದಿ ಗತಿಗೇಡೂ ಸೇರಿ ನಮ್ಮನ್ನು ಇಲ್ಲಿಗೆ ತಂದರು ಎಂದನಂತೆ. ಅರಸ ವಸೂಲಿ ಕೈಬಿಟ್ಟ, ಮುಂದಾಳುಗಳಿಗೆ ಕ್ಷಮೆ ಸಿಕ್ಕಿತು. ಈ ಕಥೆ ಕೇಳುವಾಗ ನನ್ನ ಕಣ್ಣು ತುಂಬಿತ್ತು. ನೂಲಿನ ದರ ಏರಿದ ವರ್ಷ ನಮ್ಮ ಓಣಿಯಲ್ಲಿ ಮಗ್ಗಗಳು ನಿಂತಾಗ ಹಿರಿಯರು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ ರೀತಿ ಎದುರಿಗೆ ಬಂದು ನಿಂತಿತು.

ನಾವು ನಿಂತಿದ್ದ ಗಿಲ್ಡ್‌ಹಾಲ್ ಕಟ್ಟಿದ್ದು ಆ ದಂಗೆಯಾಗಿ ಐದಾರು ವರ್ಷದೊಳಗೆ. ಕಟ್ಟಿಸಿದ ಸಂಘವೇ ಇಪ್ಪತ್ತು ವರ್ಷ ಬಾಳಲಿಲ್ಲ. ಮುಂದೆ ಇದೇ ಕಟ್ಟಡ ಸೆರೆಮನೆಯಾಯಿತು, ಬಡವರನ್ನು ದುಡಿಸುವ ಮನೆಯಾಯಿತು. ಅಷ್ಟರಲ್ಲಿ ಹತ್ತಿರದ ಕಾಲ್ಚೆಸ್ಟರಿನಲ್ಲಿ ನೆಲೆಸಿದ ಡಚ್ ನಿರಾಶ್ರಿತರು ತೆಳುವಾದ, ಅಗ್ಗದ ಬಟ್ಟೆ ನೇಯತೊಡಗಿದ್ದರು. ದಪ್ಪ ನೀಲಿ ಬಟ್ಟೆಯನ್ನು ಕೇಳುವವರಿಲ್ಲವಾದರು. ಊರು ಬೇರೆಯವರಿಗೆ ನೂಲು ನೂತು ಬದುಕಿತು. 19ನೇ ಶತಮಾನದಲ್ಲಿ ಕುದುರೆ ಕೂದಲಿನ ಬಟ್ಟೆ, ತೆಂಗಿನ ನಾರಿನ ಚಾಪೆ. ತೆಂಗಿನ ಮರ ಬೆಳೆಯದ ನೆಲದಲ್ಲಿ ನಾರಿನ ಚಾಪೆ ನೇಯ್ದರೆಂಬುದನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಮನೆಗಳು ಹೀಗೆ ಉಳಿದದ್ದು ಯಾರೋ ಕಾಪಾಡಿದ್ದಕ್ಕಲ್ಲ. ದುಡ್ಡಿದ್ದ ಊರುಗಳಲ್ಲಿ ಹಳೆಯದನ್ನು ಕೆಡವಿ ಇಟ್ಟಿಗೆಯ ಮನೆ ಕಟ್ಟಿದರು. ಇಲ್ಲಿ ಆ ಶಕ್ತಿ ಇರಲಿಲ್ಲ. ರಕ್ಷಣೆಯ ಪಟ್ಟಿಯಲ್ಲಿರುವ 300ಕ್ಕೂ ಹೆಚ್ಚು ಕಟ್ಟಡಗಳ ಹಿಂದೆ ಆ ಬಡತನವಿದೆ.

ಹೊರಡುವ ಮೊದಲು ಅಜ್ಜಿ ಹಿಂದಿನ ಕೈತೋಟ ತೋರಿಸಿದರು. ಬಣ್ಣಕ್ಕೆಂದು ಬೆಳೆಯುತ್ತಿದ್ದ ಗಿಡಗಳು ಅಲ್ಲಿವೆ. ವೋಡ್ ಎಂಬ ಗಿಡದ ಎಲೆ ಮುಟ್ಟಿ ನೋಡಿದೆ. ಅದನ್ನು ಅರೆದು, ಹುಳಿಸಿ ನೀಲಿ ತೆಗೆಯುತ್ತಿದ್ದರಂತೆ.

ಬಸ್ಸಿಗೆ ಕಾಯುತ್ತ ಅಪ್ಪನಿಗೆ ಫೋನ್ ಹಚ್ಚಿದೆ. ಎಲ್ಲವನ್ನೂ ಕೇಳಿಸಿಕೊಂಡ.

"ಈಗ ಒಂದಾದ್ರೂ ಮಗ್ಗ ನಡೀತೈತೇನು ಅಲ್ಲಿ?"

"ನನಗೊಂದೂ ಕಾಣಲಿಲ್ಲಪ್ಪಾ. ಮನಿ ಅಷ್ಟೇ ಅದಾವ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ನೀಲಿ ಬಣ್ಣರ ನೋಡಾಕ ಸಿಕ್ತೇನು ತಂಗಿ?"

"ಎಲಿ ಸಿಕ್ತಪ್ಪಾ," ಅಂದೆ, "ಹಸರು ಎಲಿ."