ಓರಲ್ ಸರ್ಜರಿ ರೆಸಿಡೆನ್ಸಿಗೆ ಸ್ಕೋರ್ ಎಷ್ಟು ಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸಾರ್, ಸಿಬಿಎಸ್‌ಇಯಲ್ಲಿ ಎಷ್ಟು ಬಂದರೆ ಸೀಟು ಗ್ಯಾರಂಟಿ?"

ಅಮೆರಿಕದಲ್ಲಿ ಓರಲ್ ಸರ್ಜರಿ ರೆಸಿಡೆನ್ಸಿಗೆ, ಅಂದರೆ ಬಾಯಿ ಮತ್ತು ದವಡೆಯ ಸರ್ಜನ್ ಆಗಲು ಆಸ್ಪತ್ರೆಯಲ್ಲಿ ಪಡೆಯುವ ತರಬೇತಿಗೆ, ಅರ್ಜಿ ಹಾಕಬೇಕು ಅಂತಿರುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಸಿಬಿಎಸ್‌ಇ ಅಂದರೆ ಆ ಅರ್ಜಿಗಾಗಿ ಬರೆಯುವ ಒಂದು ಪರೀಕ್ಷೆ, ಅದರ ವಿವರ ಮುಂದೆ ಬರುತ್ತದೆ. ಕೆಲವರು ಇಲ್ಲಿನ ಡೆಂಟಲ್ ಸ್ಕೂಲುಗಳಲ್ಲೇ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು. ಕೆಲವರು ಊರಲ್ಲಿ ಬಿಡಿಎಸ್ ಮುಗಿಸಿ ಈ ಕಡೆ ನೋಡುತ್ತಿರುವವರು. ಚಿಕ್ಕ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾರಂಟಿ ಕೊಡುವ ಸ್ಕೋರ್ ಅಂತ ಯಾವುದೂ ಇಲ್ಲ. ಆದರೆ ಅರ್ಜಿಯ ಮಿಕ್ಕ ಪುಟಗಳನ್ನು ಯಾರೂ ಓದದ ಹಾಗೆ ಮಾಡುವ ಸ್ಕೋರ್ ಇದೆ.

ಪ್ರಶ್ನೆ ಹೀಗೇ ಯಾಕೆ ಬರುತ್ತದೆ ಅಂತ ನನಗೆ ಗೊತ್ತು. ಊರಲ್ಲಿ ಡೆಂಟಲ್ ಪಿಜಿ ಸೀಟಿಗೆ ಬರೆಯುವ ನೀಟ್ ಎಂಡಿಎಸ್‌ನಲ್ಲಿ 240 ಪ್ರಶ್ನೆ, ಒಂದು ರ‍್ಯಾಂಕ್. ಕೌನ್ಸೆಲಿಂಗ್‌ನಲ್ಲಿ ಆ ರ‍್ಯಾಂಕ್ ಹಿಡಿದುಕೊಂಡು ಸೀಟು ಆರಿಸಿಕೊಳ್ಳಬೇಕು, ಅಷ್ಟೇ. ನಿಮ್ಮನ್ನು ಯಾರೂ ಕೂರಿಸಿ ಮಾತಾಡಿಸುವುದಿಲ್ಲ, ನಿಮ್ಮ ಬಗ್ಗೆ ಯಾರೂ ಪತ್ರ ಬರೆಯಬೇಕಿಲ್ಲ. ಅದರ ಒಳ್ಳೆಯದು ಕೆಟ್ಟದ್ದು ಏನೇ ಇರಲಿ, ಲೆಕ್ಕ ಮಾತ್ರ ಸ್ಪಷ್ಟ. ಅದೇ ಲೆಕ್ಕವನ್ನು ಇಲ್ಲಿಗೆ ತಂದರೆ ತಾಳೆಯಾಗುವುದಿಲ್ಲ.

ಈಗ ಪರೀಕ್ಷೆಯ ವಿಷಯ. ಇದು ನಮ್ಮ ಸ್ಕೂಲುಗಳ ಸಿಬಿಎಸ್‌ಇ ಅಲ್ಲ (ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಜೋಪಾನ, ಮತ್ತೆ ಹತ್ತನೇ ಕ್ಲಾಸಾ ಅಂತ ಕೇಳಿಯಾರು). ಪೂರ್ತಿ ಹೆಸರು ಕಾಂಪ್ರಿಹೆನ್ಸಿವ್ ಬೇಸಿಕ್ ಸೈನ್ಸ್ ಎಕ್ಸಾಮಿನೇಷನ್. ಇದನ್ನು ತಯಾರಿಸುವುದು ಎನ್‌ಬಿಎಂಇ, ಅಂದರೆ ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ಮೆಡಿಕಲ್ ಎಕ್ಸಾಮಿನರ್ಸ್. ಮೆಡಿಕಲ್ ವಿದ್ಯಾರ್ಥಿಗಳು ವೈದ್ಯರ ಲೈಸೆನ್ಸ್‌ಗಾಗಿ ಬರೆಯುವ ಯುಎಸ್‌ಎಂಎಲ್‌ಇ ಪ್ರಶ್ನೆಪತ್ರಿಕೆಯ ಹಿಂದೆ ಇರುವುದೂ ಇವರೇ. 200 ಪ್ರಶ್ನೆ ಇರುತ್ತದೆ. ಪೆಥಾಲಜಿ, ಫಿಸಿಯಾಲಜಿ, ಫಾರ್ಮಕಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಎಲ್ಲ ಬರುತ್ತದೆ. ಹಲ್ಲಿನ ಬಗ್ಗೆ ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಡೆಂಟಲ್ ಓದಿದವರಿಗೆ ಮೆಡಿಕಲ್ ಪರೀಕ್ಷೆ ಯಾಕೆ? ಎರಡು ಕಾರಣ. ಮೊದಲನೆಯದು, ಬೇರೆ ಅಂಕಗಳೆಲ್ಲ ಒಂದೊಂದಾಗಿ ಮಾಯವಾದವು. ನ್ಯಾಷನಲ್ ಬೋರ್ಡ್ ಡೆಂಟಲ್ ಪರೀಕ್ಷೆಯ ಮೊದಲ ಭಾಗಕ್ಕೆ ಮುಂಚೆ ಸ್ಕೋರ್ ಸಿಗುತ್ತಿತ್ತು. 2012ರಿಂದ ಅದು ಬರೀ ಪಾಸ್ ಅಥವಾ ಫೇಲ್. 2020ರಲ್ಲಿ ಅದರ ಜಾಗಕ್ಕೆ ಬಂದ ಐಎನ್‌ಬಿಡಿಇ ಕೂಡ ಹಾಗೆಯೇ. ಸಾಲದ್ದಕ್ಕೆ ಎಷ್ಟೋ ಡೆಂಟಲ್ ಸ್ಕೂಲುಗಳು ತರಗತಿಯ ರ‍್ಯಾಂಕ್ ಕೊಡುವುದಿಲ್ಲ, ಕೆಲವು ಗ್ರೇಡನ್ನೂ ಕೊಡುವುದಿಲ್ಲ. ಒಂದು ಪ್ರೋಗ್ರಾಮಿನಲ್ಲಿರುವುದು ಬೆರಳೆಣಿಕೆಯ ಸೀಟು. ಅದಕ್ಕೆ ಬರುವ ಅರ್ಜಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಸಮಿತಿಯವರಿಗೆ ಏನಾದರೂ ಬೇಕಲ್ವಾ?

ಎರಡನೆಯದೇ ನಿಜವಾದ ಕಾರಣ. ಇಲ್ಲಿ ಓರಲ್ ಸರ್ಜರಿ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು 4 ವರ್ಷದ ಸರ್ಟಿಫಿಕೇಟ್ ಪ್ರೋಗ್ರಾಂ. ಇನ್ನೊಂದು 6 ವರ್ಷದ್ದು, ಅದರಲ್ಲಿ ಎಂಡಿ ಡಿಗ್ರಿಯೂ ಸೇರಿದೆ. 6 ವರ್ಷದವರು ಮಧ್ಯೆ ಮೆಡಿಕಲ್ ಸ್ಕೂಲಿನ ನಡುವಿನ ವರ್ಷಗಳಿಗೆ ಹೋಗಿ ಸೇರಿಕೊಳ್ಳುತ್ತಾರೆ, ಯುಎಸ್‌ಎಂಎಲ್‌ಇಯ ಮೊದಲ ಹಂತವಾದ ಸ್ಟೆಪ್ 1 ಪಾಸ್ ಮಾಡಲೇಬೇಕು. ಅಲ್ಲಿ ಒಬ್ಬ ರೆಸಿಡೆಂಟ್ ಎಡವಿದರೆ ಅವನೊಬ್ಬನ ಕಷ್ಟವಾಗಿ ಉಳಿಯುವುದಿಲ್ಲ. ಆನ್‌ಕಾಲ್ ಪಟ್ಟಿಯಲ್ಲಿ ಒಂದು ಹೆಸರು ಕಮ್ಮಿಯಾಗುತ್ತದೆ, ಉಳಿದವರ ರಾತ್ರಿಗಳು ಜಾಸ್ತಿಯಾಗುತ್ತವೆ. ಆದ್ದರಿಂದ ನಿಮ್ಮ ಸ್ಕೋರ್ ನೋಡುವಾಗ ಪ್ರೋಗ್ರಾಂ ಡೈರೆಕ್ಟರ್ ತಲೆಯಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಇವರು ಮೆಡಿಕಲ್ ಸ್ಕೂಲು ದಾಟುತ್ತಾರಾ?

ಇದನ್ನು ಹಿಡಿದುಕೊಂಡರೆ ಮಿಕ್ಕಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸ್ಕೋರ್ ಆ ಪ್ರಶ್ನೆಗೆ "ಹೌದು" ಅಂತ ಧೈರ್ಯವಾಗಿ ಹೇಳುವಷ್ಟಿದ್ದರೆ ಅದರ ಕೆಲಸ ಬಹುಪಾಲು ಮುಗಿಯಿತು. ಅದರ ಮೇಲೆ ಇನ್ನೂ ಐದು ಅಂಕ ಬಂದರೆ ಖುಷಿ, ಸಮಿತಿಯಲ್ಲಿ ಒಂದಿಬ್ಬರು ಹುಬ್ಬೇರಿಸುತ್ತಾರೆ. ಆದರೆ ಅಂಚಿನ ಕೆಳಗಿಂದ ಮೇಲೆ ಬರಲು ನೆರವಾಗುವ ಐದು ಅಂಕಕ್ಕೆ ಇರುವ ಬೆಲೆ ಈ ಐದಕ್ಕೆ ಇಲ್ಲ.

ಇನ್ನು ಸಂಖ್ಯೆಗಳು. ಹಳೆಯ ಸೀನಿಯರ್‌ಗಳು ಹೇಳುವ ಸ್ಕೋರನ್ನು ನಿಮ್ಮದಕ್ಕೆ ಹೋಲಿಸಬೇಡಿ. ಸ್ಕೋರ್ ಕೊಡುವ ರೀತಿಯೇ ಬದಲಾಗಿದೆ. ಈಗ ಕೊಡುವುದು ಪತ್ರಿಕೆಯ ಕಷ್ಟ ಸುಲಭವನ್ನು ಸರಿದೂಗಿಸಿದ ಶೇಕಡಾವಾರು. ಈ ಅಳತೆಯಲ್ಲಿ ಸ್ಟೆಪ್ 1 ಪಾಸಿನ ಅಂಚು ಸುಮಾರು 62ರಿಂದ 68ರ ನಡುವೆ ಬರುತ್ತದೆ. 6 ವರ್ಷದ ಪ್ರೋಗ್ರಾಮಿಗೆ ಅರ್ಜಿ ಹಾಕುವವರು ಈ ಅಂಚನ್ನು ಆರಾಮಾಗಿ ದಾಟಿರಬೇಕು. 2022ರಿಂದ ಸ್ಟೆಪ್ 1 ಕೂಡ ಪಾಸ್-ಫೇಲ್ ಆಗಿದೆ, ಆದರೆ ಅದರಿಂದ ಇಲ್ಲಿ ಏನೂ ಸಡಿಲವಾಗಿಲ್ಲ. ಪಾಸಂತೂ ಆಗಲೇಬೇಕಲ್ಲ. 4 ವರ್ಷದ ಪ್ರೋಗ್ರಾಮುಗಳಲ್ಲೂ ಬಹಳಷ್ಟು ಕಡೆ ಸ್ಕೋರ್ ಕೇಳುತ್ತಾರೆ, ಆದರೆ ಅದನ್ನು ತೂಗುವ ರೀತಿ ಒಂದೊಂದು ಕಡೆ ಒಂದೊಂದು ಥರ.

"ಬರೀ ಜರಡಿ ಹಿಡಿಯೋಕೆ ಇಟ್ಟಿದ್ದಾರೆ, ಸರ್ಜರಿಗೂ ಇದಕ್ಕೂ ಏನು ಸಂಬಂಧ" ಅಂತ ಗೊಣಗುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಪರೀಕ್ಷೆಯ ಧಾಟಿಯಲ್ಲಿ ನಾನೇ ಒಂದು ಪ್ರಶ್ನೆ ಕಟ್ಟಿ ಹೇಳುತ್ತೇನೆ. ಎಪ್ಪತ್ತು ವರ್ಷದ ಒಬ್ಬರು, ಹೃದಯದ ಬಡಿತ ತಾಳ ತಪ್ಪಿರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ಹಲ್ಲಿನ ಸೋಂಕಿಗೆ ಯಾರೋ ಮೆಟ್ರೊನಿಡಜೋಲ್ ಬರೆದುಕೊಟ್ಟರು. ವಾರ ಕಳೆಯುವಷ್ಟರಲ್ಲಿ ವಸಡಿನಿಂದ ರಕ್ತ, ಮೈಮೇಲೆ ಅಲ್ಲಲ್ಲಿ ನೀಲಿ ಕಲೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಐಎನ್‌ಆರ್ ಏರಿದೆ. ಏನಾಯಿತು? ವಾರ್ಫರಿನ್ನನ್ನು ಒಡೆಯುವ ಲಿವರ್ ಕಿಣ್ವವನ್ನು ಮೆಟ್ರೊನಿಡಜೋಲ್ ತಡೆದಿದೆ, ವಾರ್ಫರಿನ್ ರಕ್ತದಲ್ಲಿ ಉಳಿದುಕೊಂಡಿದೆ. ಹಲ್ಲು ಕಿತ್ತ ಜಾಗದಿಂದ ರಕ್ತ ನಿಲ್ಲದೆ ಅರ್ಧರಾತ್ರಿ ಎಮರ್ಜೆನ್ಸಿಗೆ ಬರುವವರಲ್ಲಿ ಇಂಥವರೂ ಇರುತ್ತಾರೆ. ಇದು ಗೊತ್ತಿಲ್ಲದವರ ಕೈಗೆ ಬರೀ ಹೊಲಿಗೆಯ ಸೂಜಿ ಕೊಟ್ಟು ಏನು ಮಾಡುವುದು?

ಆದರೆ ಸ್ಕೋರ್ ಹೇಳದ ವಿಷಯವೂ ಬೇಕಾದಷ್ಟಿದೆ. ಅದಕ್ಕೇ ಎಕ್ಸ್‌ಟರ್ನ್‌ಶಿಪ್ ಇರುವುದು. ಒಂದೋ ಎರಡೋ ವಾರ ಒಂದು ಪ್ರೋಗ್ರಾಮಿಗೆ ಹೋಗಿ ಅವರ ಜೊತೆ ರೌಂಡ್ಸ್, ಕ್ಲಿನಿಕ್, ಆಪರೇಷನ್ ಥಿಯೇಟರ್, ರಾತ್ರಿ ಕಾಲ್ ಎಲ್ಲದರಲ್ಲೂ ಇರಬೇಕು. ಕೆಳದವಡೆಯ ಹಲ್ಲಿನ ಸೋಂಕು ಗಲ್ಲದ ಕೆಳಗೆಲ್ಲ ಹರಡಿದ ಒಬ್ಬ ರೋಗಿ ಬಂದಿದ್ದಾನೆ ಅಂದುಕೊಳ್ಳಿ. ಒಬ್ಬ ಎಕ್ಸ್‌ಟರ್ನ್ ಎಕ್ಸ್‌ರೇ ನೋಡಿ ಯಾವ ಹಲ್ಲು ಅಂತ ಥಟ್ಟನೆ ಹೇಳುತ್ತಾನೆ. ಇನ್ನೊಬ್ಬಳು ರೋಗಿಯನ್ನೇ ನೋಡುತ್ತಾಳೆ. ಮುಂದಕ್ಕೆ ಬಾಗಿ ಕೂತಿದ್ದಾನೆ, ಜೊಲ್ಲು ನುಂಗೋಕಾಗುತ್ತಿಲ್ಲ, ನಾಲಿಗೆ ಮೇಲೆದ್ದಿದೆ, ಮಾತು ಬಾಯಲ್ಲಿ ಏನೋ ತುಂಬಿಕೊಂಡ ಹಾಗಿದೆ. ಸಿಟಿ ಸ್ಕ್ಯಾನ್‌ಗೆ ಅಂಗಾತ ಮಲಗಿಸುವ ಮುಂಚೆ ರೆಸಿಡೆಂಟ್ ಕಿವಿಯಲ್ಲಿ, "ಇವರಿಗೆ ಮಲಗೋಕಾಗುತ್ತಾ?" ಅಂತ ಕೇಳುತ್ತಾಳೆ. ಹೀಗೆ ಹರಡಿದ ಸೋಂಕಿಗೆ ಲಡ್ವಿಗ್ಸ್ ಆಂಜೈನಾ ಅನ್ನುತ್ತಾರೆ, ಅದರಲ್ಲಿ ಮೊದಲು ಮುಚ್ಚಿಹೋಗುವುದು ಉಸಿರಿನ ದಾರಿ. ಆ ಒಂದು ಪ್ರಶ್ನೆ ಸಮಿತಿಯ ತನಕ ನಡೆದುಕೊಂಡು ಬರುತ್ತದೆ, ನನ್ನ ಮಾತು ನಂಬಿ. ಮೂರನೆಯವನೊಬ್ಬ ಇರುತ್ತಾನೆ, ಹನ್ನೊಂದು ಗಂಟೆಗೆ ಕಾಣೆಯಾಗಿ ಬೆಳಗಿನ ರೌಂಡ್ಸ್‌ಗೆ ಫ್ರೆಶ್ ಆಗಿ ಬರುವವನು. ಅದೂ ಬರುತ್ತದೆ.

ರೆಸಿಡೆಂಟ್‌ಗಳ ಅಭಿಪ್ರಾಯಕ್ಕೆ ಇಲ್ಲಿ ತೂಕ ಇದೆ, ಯಾಕೆಂದರೆ ನಿಮ್ಮ ಜೊತೆ ರಾತ್ರಿ ಎರಡು ಗಂಟೆಗೆ ದವಡೆ ಮುರಿತ ಕೂರಿಸುವವರು ಅವರು. ಶಿಫಾರಸು ಪತ್ರಗಳೂ ಹಾಗೆಯೇ. ದೊಡ್ಡ ಹೆಸರಿನವರು ಬರೆದ ನಾಲ್ಕು ಸಾಲಿಗಿಂತ, ನಿಮ್ಮನ್ನು ಹತ್ತಿರದಿಂದ ನೋಡಿದ ಸರ್ಜನ್ ಒಬ್ಬರು ಇಂಥ ದಿನ ಹೀಗೆ ಮಾಡಿದರು ಅಂತ ಬರೆದ ಪತ್ರವನ್ನು ನಾವು ನಿಧಾನವಾಗಿ ಓದುತ್ತೇವೆ.

ಕೊನೆಯ ಹಂತ ಮ್ಯಾಚ್, ಅಂದರೆ ಯಾರಿಗೆ ಯಾವ ಪ್ರೋಗ್ರಾಂ ಅಂತ ಜೋಡಿಸುವುದು. ಇದು ಕಂಪ್ಯೂಟರ್ ಮಾಡುವ ಕೆಲಸ ಅಂದ ತಕ್ಷಣ ಸ್ಕೋರ್ ಲೆಕ್ಕ ಹಾಕುತ್ತದೆ ಅಂದುಕೊಳ್ಳುವವರಿದ್ದಾರೆ. ಆ ಕಂಪ್ಯೂಟರಿಗೆ ನಿಮ್ಮ ಸ್ಕೋರ್ ಗೊತ್ತೇ ಇಲ್ಲ. ಅದರ ಮುಂದೆ ಇರುವುದು ಎರಡು ಥರದ ಪಟ್ಟಿ: ನೀವು ಪ್ರೋಗ್ರಾಮುಗಳನ್ನು ಇಷ್ಟದ ಕ್ರಮದಲ್ಲಿ ಬರೆದದ್ದು, ಅವರು ಸಂದರ್ಶನಕ್ಕೆ ಬಂದವರನ್ನು ಬರೆದದ್ದು. ಸ್ಕೋರಿನ ಪ್ರಭಾವ ಮುಖ್ಯವಾಗಿ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನುವಲ್ಲಿ. ಕರೆದ ಮೇಲೆ, ಹೆಚ್ಚುಕಮ್ಮಿ ಒಂದೇ ಮಟ್ಟದವರು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅಲ್ಲಿ 74 ಬಂದವರ ಹೆಸರು 82 ಬಂದವರ ಹೆಸರಿಗಿಂತ ಮೇಲೆ ಹೋಗುವುದು ವಿಶೇಷವೇನಲ್ಲ. ಅಂದಹಾಗೆ, ಪಟ್ಟಿಯನ್ನು ನಿಮ್ಮ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. "ಇವರು ನನ್ನನ್ನು ತಗೊಳ್ಳಲ್ಲ" ಅಂತ ಸುಮ್ನೆ ಕೆಳಗೆ ಹಾಕಿದರೆ ನಷ್ಟ ನಿಮಗೇ. ಮೇಲೆ ಬರೆದ ಪ್ರೋಗ್ರಾಂ ಸಿಗದಿದ್ದರೂ ಕೆಳಗಿನದು ಕೈತಪ್ಪದ ಹಾಗೆ ಆ ಲೆಕ್ಕವನ್ನು ಕಟ್ಟಿದ್ದಾರೆ.

ಹಾಗಾದರೆ ಸ್ಕೋರಿನ ಬಗ್ಗೆ ಯಾರು ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು? ಅರ್ಜಿಯ ಬೇರೆ ಹಾಳೆಗಳು ಹೆಚ್ಚು ಮಾತಾಡದವರು. ಗ್ರೇಡೇ ಇಲ್ಲದ ಸ್ಕೂಲಿನವರು, ತಮ್ಮ ಸ್ಕೂಲಿನಲ್ಲಿ ಓರಲ್ ಸರ್ಜರಿ ರೆಸಿಡೆನ್ಸಿಯೇ ಇಲ್ಲದವರು, ಮತ್ತೆ ಊರಿಂದ ಬಿಡಿಎಸ್ ಮಾಡಿಕೊಂಡು ಬಂದವರು. ಈ ಕೊನೆಯವರಿಗೆ ಒಂದು ಕಿವಿಮಾತು. ಪರೀಕ್ಷೆಗೆ ಓದಲು ಕೂರುವ ಮುಂಚೆ ಪ್ರತಿ ಪ್ರೋಗ್ರಾಮಿನ ನಿಯಮ ಓದಿ. ಎಷ್ಟೋ ಕಡೆ ಅಮೆರಿಕ ಅಥವಾ ಕೆನಡಾದ ಡೆಂಟಲ್ ಡಿಗ್ರಿಯೇ ಬೇಕು ಅಂತ ಬರೆದಿರುತ್ತಾರೆ. ಅಲ್ಲಿಗೆ ಎಂಥ ಸ್ಕೋರ್ ತಂದರೂ ಪ್ರಯೋಜನವಿಲ್ಲ. ವಿದೇಶಿ ಡೆಂಟಿಸ್ಟ್‌ಗಳಿಗಾಗಿ ಇಲ್ಲಿನ ಸ್ಕೂಲುಗಳು ನಡೆಸುವ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಓದು ಮುಗಿಸಿ ಬರುವುದು ಒಂದು ದಾರಿ, ಆದರೆ ಅದಕ್ಕೆ ದುಡ್ಡು, ವರ್ಷ ಎರಡೂ ಬೇಕು.

ಸ್ಕೋರ್ ಕಮ್ಮಿ ಬಂದಿದ್ದರೆ? ಮತ್ತೆ ಬರೆಯಬಹುದು, ಆದರೆ ಈ ಪರೀಕ್ಷೆ ಬೇಕೆಂದಾಗಲೆಲ್ಲ ಇರುವುದಿಲ್ಲ. ಹಾಗಾಗಿ "ಒಂದು ಸಲ ಸುಮ್ನೆ ಬರೆದು ನೋಡೋಣ" ಅನ್ನುವ ಪ್ಲಾನ್ ನನಗೆ ಹಿಡಿಸುವುದಿಲ್ಲ. ಎನ್‌ಬಿಎಂಇಯವರದೇ ಅಭ್ಯಾಸ ಪರೀಕ್ಷೆಗಳು ದುಡ್ಡಿಗೆ ಸಿಗುತ್ತವೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅದನ್ನು ಬರೆಯಿರಿ. ಅದರಲ್ಲಿ ಅಂಚು ದಾಟದಿದ್ದರೆ ನಿಜವಾದ ಪರೀಕ್ಷೆಯಲ್ಲಿ ಪವಾಡ ನಡೆಯುವುದು ಅಪರೂಪ.

ಮ್ಯಾಚ್ ಆಗದೇ ಹೋದವರು ಒಂದು ವರ್ಷದ ನಾನ್-ಕೆಟಗಾರಿಕಲ್ ಇಂಟರ್ನ್ ಆಗಿ ಸೇರುವುದುಂಟು. ಮೊದಲ ವರ್ಷದ ರೆಸಿಡೆಂಟ್ ಮಾಡುವ ಕೆಲಸವೇ, ಆದರೆ ಮುಂದಿನ ವರ್ಷದ ಸೀಟು ಖಾತ್ರಿ ಇಲ್ಲ. ಸ್ಕೋರ್ ತಕ್ಕಮಟ್ಟಿಗಿದ್ದು ಪತ್ರಗಳು ಸಪ್ಪೆಯಾಗಿದ್ದವರಿಗೆ ಇದರಿಂದ ತುಂಬ ಉಪಯೋಗ. ಸ್ಕೋರೇ ಕಮ್ಮಿ ಇದ್ದವರಿಗೆ ಕಷ್ಟ, ಯಾಕೆಂದರೆ ವಾರಪೂರ್ತಿ ಆಸ್ಪತ್ರೆಯಲ್ಲೇ ಇದ್ದು ಬಯೋಕೆಮಿಸ್ಟ್ರಿ ಯಾವಾಗ ಓದುತ್ತೀರಿ? ಅಂಥವರು ಸಹಿ ಹಾಕುವ ಮುಂಚೆ ಎರಡು ವಿಷಯ ಬಾಯಿಬಿಟ್ಟು ಕೇಳಬೇಕು: ಹಿಂದಿನ ಇಂಟರ್ನ್‌ಗಳು ಈಗ ಎಲ್ಲಿದ್ದಾರೆ, ಮತ್ತು ಪರೀಕ್ಷೆಯ ಮುಂಚೆ ಓದಲು ರಜೆ ಕೊಡುತ್ತೀರಾ. ಎರಡನೆಯದಕ್ಕೆ "ನೋಡೋಣ" ಅಂತ ಉತ್ತರ ಬಂದರೆ ಇಲ್ಲ ಅಂತಲೇ ತಿಳಿದುಕೊಂಡು ಬೇರೆ ಕಡೆ ವಿಚಾರಿಸಿ.